ಸಾಹೇಬರ ಸಹಿ ಯಾರ ಡ್ರಾಯರಿನಲ್ಲಿದೆ?

ಈಚೆಗೆ ಒಂದು ಸರ್ಕಾರಿ ಕಚೇರಿಯಲ್ಲಿ ನಾವು ಕಣ್ಣಾರೆ ಕಂಡದ್ದನ್ನು ಮೊದಲು ಹೇಳುತ್ತೇವೆ. ಕಚೇರಿಯ ಹೆಸರು ಬೇಡ. ಸಾಹೇಬರು ಮೀಟಿಂಗಿಗೆ ಹೋಗಿದ್ದರು. ಕುರ್ಚಿ ಖಾಲಿ. ಆದರೆ ಸಾಹೇಬರ ಸಹಿ ಮಾತ್ರ ಪಟಪಟನೆ ಬೀಳುತ್ತಲೇ ಇತ್ತು! ಮೂಲೆಯಲ್ಲಿ ಕೂತಿದ್ದ ಗುತ್ತಿಗೆ ಹುಡುಗನೊಬ್ಬ ಡ್ರಾಯರಿನಿಂದ ಹೆಬ್ಬೆರಳಿನಷ್ಟು ಗಾತ್ರದ ಟೋಕನ್ ತೆಗೆದ, ಕಂಪ್ಯೂಟರಿಗೆ ಚುಚ್ಚಿದ, ಪರದೆಯ ಪಕ್ಕದಲ್ಲಿ ಅಂಟಿಸಿದ್ದ ಚೀಟಿ ನೋಡಿ ಪಿನ್ ಒತ್ತಿದ. ಸಹಿ ಆಯಿತು. ಮುಂದಿನವರು ಬನ್ನಿ!

ಹಿಂದೆ ರಬ್ಬರ್ ಸ್ಟಾಂಪು ಕದ್ದರೆ ಕಳ್ಳತನ ಎನ್ನುತ್ತಿದ್ದರು. ಇಂದು ಸಾಹೇಬರೇ ತಮ್ಮ ಸಹಿಯನ್ನು ಕೈಯಾರೆ ಕೊಟ್ಟು ಹೋಗುತ್ತಾರೆ. ಇದಕ್ಕೆ ‘ಅಡ್ಜಸ್ಟ್‌ಮೆಂಟ್’ ಎಂದು ಹೆಸರು.

ಇದರಲ್ಲಿ ನಿಮಗೇನು ನಷ್ಟ ಎಂದು ಕೇಳಬಹುದು. ನಿಮ್ಮ ಜಾತಿ ಪ್ರಮಾಣಪತ್ರ, ಆದಾಯ ಪ್ರಮಾಣಪತ್ರ, ಊರಿನಲ್ಲಿರುವ ಅಪ್ಪನ ಪಹಣಿ, ಪಂಚಾಯಿತಿಯ ಇ-ಸ್ವತ್ತು, ಖಜಾನೆಯಿಂದ ಹೊರಡುವ ಬಿಲ್ಲು, ಇವೆಲ್ಲ ಇಂದು ನಿಂತಿರುವುದು ಆ ಪುಟ್ಟ ಟೋಕನ್ನಿನ ಮೇಲೆ. ಅದು ಯಾರ ಕೈಯಲ್ಲಿದೆಯೋ ನಿಮ್ಮ ಜಮೀನು ಅವರ ಕೈಯಲ್ಲಿದೆ. ಈಗ ಹೇಳಿ, ನಷ್ಟ ಯಾರದ್ದು?

ಯಂತ್ರವನ್ನು ಬೈಯಬೇಡಿ. ಯಂತ್ರ ಪ್ರಾಮಾಣಿಕವಾಗಿದೆ. ಡಿಜಿಟಲ್ ಸಹಿ ಎಂದರೆ ಕಾಗದದ ಸಹಿಯ ಫೋಟೋ ಅಲ್ಲ. ಅದು ಜೋಡಿ ಕೀಲಿಗಳ ಲೆಕ್ಕ. ಒಂದು ಗುಟ್ಟಿನ ಕೀಲಿ, ಅದು ಟೋಕನ್ನಿನ ಒಳಗೇ ಇರುತ್ತದೆ. ಇನ್ನೊಂದು ಎಲ್ಲರಿಗೂ ತಿಳಿದ ಕೀಲಿ. ದಾಖಲೆಯ ಒಂದೊಂದು ಅಕ್ಷರವನ್ನೂ ಅರೆದು ಕಂಪ್ಯೂಟರ್ ಒಂದು ಚಿಕ್ಕ ಸಾರ ತೆಗೆಯುತ್ತದೆ. ಆ ಸಾರಕ್ಕೆ ಗುಟ್ಟಿನ ಕೀಲಿಯ ಮುದ್ರೆ ಬೀಳುತ್ತದೆ. ಆಮೇಲೆ ಎರಡು ಎಕರೆಯನ್ನು ಮೂರು ಎಕರೆ ಮಾಡಿದರೂ ಸಾಕು, ಸಾರ ಬದಲಾಗಿ ಕಳ್ಳತನ ಬಯಲಾಗುತ್ತದೆ. ಈ ಲೆಕ್ಕವನ್ನು ಮುರಿಯುವುದು ಸುಲಭವಲ್ಲ. ಡ್ರಾಯರು ತೆರೆಯುವುದು ಬಹಳ ಸುಲಭ.

ಇದು ಹೊಸ ಪಾಠವೂ ಅಲ್ಲ. ‘ಭೂಮಿ’ ಯೋಜನೆ ಬಂದಾಗ 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದವು. ಪಾಸ್‌ವರ್ಡನ್ನು ಇನ್ನೊಬ್ಬರಿಗೆ ಕೊಡಬಹುದು, ನಾಳೆ ‘ನಾನಲ್ಲ’ ಎನ್ನಬಹುದು ಎಂದು ಅಂದೇ ಊಹಿಸಿ, ಸಿಬ್ಬಂದಿ ಬೆರಳಚ್ಚು ಕೊಟ್ಟೇ ಒಳಹೋಗಬೇಕೆಂದು ಮಾಡಿದ್ದರು. ಕಾಲು ಶತಮಾನದ ಹಿಂದೆ ಇದ್ದ ಆ ಎಚ್ಚರ ಇಂದು ಪರದೆಯ ಪಕ್ಕದ ಚೀಟಿಯಾಗಿದೆ.

ಕಾನೂನು ಏನು ಹೇಳುತ್ತದೆ? ಮಾಹಿತಿ ತಂತ್ರಜ್ಞಾನ ಕಾಯ್ದೆ ಜಾರಿಗೆ ಬಂದದ್ದು 2000ದ ಅಕ್ಟೋಬರ್ 17ರಂದು. ಅದರ 42ನೇ ಕಲಂ ಓದಿ. ಗುಟ್ಟಿನ ಕೀಲಿಯನ್ನು ತನ್ನ ಹಿಡಿತದಲ್ಲೇ ಇಟ್ಟುಕೊಳ್ಳುವುದು ಅದರ ಒಡೆಯನ ಕರ್ತವ್ಯ. ಕೀಲಿ ಕೈತಪ್ಪಿದರೆ ಪ್ರಮಾಣಪತ್ರ ಕೊಟ್ಟ ಸಂಸ್ಥೆಗೆ ತಡಮಾಡದೆ ತಿಳಿಸಬೇಕು. ತಿಳಿಸುವವರೆಗೂ ಹೊಣೆ ಅವನದೇ. ಇನ್ನು 66ಸಿ ಕಲಂ. ಇನ್ನೊಬ್ಬರ ಎಲೆಕ್ಟ್ರಾನಿಕ್ ಸಹಿಯನ್ನೋ ಪಾಸ್‌ವರ್ಡನ್ನೋ ಮೋಸದಿಂದ ಬಳಸಿದರೆ 3 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ.

ಈಗ ಆ ಮೂಲೆಯ ಹುಡುಗನನ್ನು ನೆನೆಯಿರಿ. ಅವನು ನಮ್ಮವನು. ಡಿಗ್ರಿ ಮುಗಿಸಿದವನು, ಗುತ್ತಿಗೆ ಸಂಬಳದವನು, ವರ್ಷಕ್ಕೊಮ್ಮೆ ಕೆಲಸ ಉಳಿಯುತ್ತದೋ ಇಲ್ಲವೋ ಎಂದು ಹೆದರುವವನು. ನಿಮ್ಮಲ್ಲೇ ಎಷ್ಟೋ ಜನ ಆ ಕುರ್ಚಿಯಲ್ಲಿ ಕೂತಿದ್ದೀರಿ. ನಾಳೆ ಒಂದು ಸುಳ್ಳು ಖಾತೆ ಹೊರಬಿದ್ದರೆ ಸಾಹೇಬರು ಏನೆನ್ನುತ್ತಾರೆ? ‘ನನಗೆ ಗೊತ್ತೇ ಇಲ್ಲ, ಆಪರೇಟರ್ ಮಾಡಿದ್ದಾನೆ.’ ಪೊಲೀಸರು ಮೊದಲು ಯಾರ ಮನೆ ಬಾಗಿಲು ತಟ್ಟುತ್ತಾರೆ ಎಂದು ನಾವು ಬಿಡಿಸಿ ಹೇಳಬೇಕೇ? ಸಹಿಯ ಅಧಿಕಾರ ಅವರದು, ಜೈಲಿನ ಭಯ ಇವನದು. ಇದ್ಯಾವ ನ್ಯಾಯ ಸ್ವಾಮಿ?

ಆದ್ದರಿಂದ ಆಪರೇಟರ್ ಗೆಳೆಯರಿಗೆ ಒಂದು ಮಾತು. ಇನ್ನೊಬ್ಬರ ಟೋಕನ್ ಮುಟ್ಟಬೇಡಿ. ಪಿನ್ ಹೇಳಲು ಬಂದರೆ ಕಿವಿ ಮುಚ್ಚಿಕೊಳ್ಳಿ. ಒತ್ತಾಯ ಮಾಡಿದರೆ ‘ಬರವಣಿಗೆಯಲ್ಲಿ ಆದೇಶ ಕೊಡಿ ಸಾರ್’ ಎಂದು ವಿನಯದಿಂದ ಕೇಳಿ. ಅಂಥ ಆದೇಶವನ್ನು ಬರೆದುಕೊಡುವ ಧೈರ್ಯ ಸುಲಭವಾಗಿ ಯಾರಿಗೂ ಬರುವುದಿಲ್ಲ.

ಸಾಹೇಬರ ಕಷ್ಟವೂ ನಮಗೆ ಗೊತ್ತು. ಬೆಳಗ್ಗೆ ಮೀಟಿಂಗು, ಮಧ್ಯಾಹ್ನ ಮಂತ್ರಿಗಳ ಪ್ರವಾಸ, ಸಂಜೆ ವಿಡಿಯೋ ಕಾನ್ಫರೆನ್ಸು. 2011ರ ಸಕಾಲ ಕಾಯ್ದೆಯ ಗಡುವು ತಲೆಯ ಮೇಲೆ. ಆದರೆ ಇದಕ್ಕೆ ದಾರಿ ಸಹಿಯನ್ನು ಹಂಚುವುದಲ್ಲ. ಪ್ರಭಾರದಲ್ಲಿ ಇರುವವರಿಗೆ ಅವರದೇ ಹೆಸರಿನ ಟೋಕನ್ ಕೊಡಿ. ವರ್ಗವಾದವರ, ನಿವೃತ್ತರಾದವರ ಸಹಿಯ ಅಧಿಕಾರವನ್ನು ಅದೇ ದಿನ ಕಿತ್ತುಹಾಕಿ, ಬೀಳ್ಕೊಡುಗೆಯ ಹಾರ ಬಾಡುವ ಮೊದಲೇ. ಯಾವ ಸಹಿ ಎಷ್ಟು ಗಂಟೆಗೆ, ಯಾವ ಕಂಪ್ಯೂಟರಿನಿಂದ ಬಿತ್ತು ಎಂಬ ಲೆಕ್ಕವನ್ನು ಸಾಹೇಬರ ಹಾಜರಿಯ ಜೊತೆ ಇಟ್ಟು ನೋಡಿ. ಪ್ರವಾಸದಲ್ಲಿದ್ದವರ ಸಹಿ ಕಚೇರಿಯ ಕಂಪ್ಯೂಟರಿನಲ್ಲಿ ಬಿದ್ದಿದ್ದರೆ ಉತ್ತರ ಕೇಳಿ. ಇದಕ್ಕೆ ಕೋಟಿ ರೂಪಾಯಿ ಟೆಂಡರು ಬೇಡ, ಮನಸ್ಸು ಬೇಕು.

ಇನ್ನು ನೀವು. 2015ರಿಂದ ಆಧಾರ್ ಮೂಲಕ ಇ-ಸೈನ್ ಬಂದಿದೆ. ಅದರಲ್ಲಿ ಟೋಕನ್ ಬೇಡ, ಮೊಬೈಲಿಗೆ ಬರುವ ಓಟಿಪಿ ಕೊಟ್ಟರೆ ಸಹಿ ಆಗುತ್ತದೆ. ಅಂದರೆ ಆ ಆರು ಅಂಕಿಗಳೇ ನಿಮ್ಮ ಹೆಬ್ಬೆಟ್ಟು. ಸೈಬರ್ ಸೆಂಟರಿನವನು ‘ಓಟಿಪಿ ಹೇಳಿ ಅಣ್ಣಾ’ ಎಂದರೆ ಮೊದಲು ಕಾಗದ ತೋರಿಸು ಎನ್ನಿ. ಓದಿ, ಆಮೇಲೆ ಒತ್ತಿ. ಓದಲು ಕನ್ನಡದಲ್ಲಿ ಇರಬೇಕಲ್ಲವೇ? ಅದನ್ನೂ ಕೇಳಿ. ತಿಳಿಯದ ಭಾಷೆಯಲ್ಲಿ ಬಂದ ಎಚ್ಚರಿಕೆಯ ಕೆಳಗೆ ‘ಒಪ್ಪಿದೆ’ ಎಂದು ಒತ್ತಿದ ಅಜ್ಜಿ ಯಾವುದಕ್ಕೆ ಒಪ್ಪಿದಳು? ಹಳೆಯ ಕಾಲದಲ್ಲಿ ಹೆಬ್ಬೆಟ್ಟು ಒತ್ತಿಸಿಕೊಂಡು ಹೊಲ ಬರೆಸಿಕೊಂಡವರಿಗೂ ಇದಕ್ಕೂ ಏನು ವ್ಯತ್ಯಾಸ?

ಇನ್ನೊಂದು ಎಚ್ಚರ. ಕೈಯಲ್ಲಿರುವ ಪ್ರಿಂಟಿನ ಮೇಲೆ ‘ಡಿಜಿಟಲ್ ಸಹಿ ಮಾಡಲಾಗಿದೆ’ ಎಂದು ಇದ್ದ ಮಾತ್ರಕ್ಕೆ ನಂಬಬೇಡಿ. ಆ ಸಾಲನ್ನು ಯಾರು ಬೇಕಾದರೂ ಟೈಪ್ ಮಾಡಬಹುದು. ನಿಜವಾದ ಸಹಿ ಇರುವುದು ಕಂಪ್ಯೂಟರಿನ ಫೈಲಿನಲ್ಲಿ. ಫೈಲು ತೆರೆದಾಗ ಸಹಿಯ ಮೇಲೆ ಪ್ರಶ್ನೆ ಚಿಹ್ನೆ ಕಂಡರೆ ಅದು ಸುಳ್ಳೆಂದಲ್ಲ, ಇನ್ನೂ ಪರೀಕ್ಷೆ ಆಗಿಲ್ಲ ಎಂದು. ಪ್ರಿಂಟು ಮಾತ್ರ ಇದ್ದರೆ ಅದರ ಸಂಖ್ಯೆಯನ್ನು ಇಲಾಖೆಯ ತಾಣದಲ್ಲೇ ಹಾಕಿ ತಾಳೆ ನೋಡಿ.

ಗೆಳೆಯರೇ, ಮುಂದಿನ ಸಲ ಕಚೇರಿಗೆ ಹೋದಾಗ ಕೌಂಟರಿನಲ್ಲಿ ಒಂದೇ ಪ್ರಶ್ನೆ ಕೇಳಿ. ಗಲಾಟೆ ಬೇಡ, ಘೋಷಣೆ ಬೇಡ. ‘ಸಾಹೇಬರು ಒಳಗಿಲ್ಲ, ಇದಕ್ಕೆ ಸಹಿ ಹಾಕಿದ್ದು ಯಾರು?’ ಉತ್ತರ ಸಿಗುವವರೆಗೆ ಅಲ್ಲೇ ನಿಲ್ಲಿ.