ಬಾಗಿಲು ತೆರೆದ ಅತ್ತೆಗೆ ಏನು ಹೇಳುವುದು?

ಎಚ್.ಐ.ವಿ. ಸೋಂಕಿರುವವರಿಗೆ ಸೋಂಕಿರುವವರೇ ಆಸರೆಯಾಗಲಿ ಎಂಬ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ. ಡಾಕ್ಟರು ಹತ್ತು ಸಲ ಹೇಳಿದ್ದಕ್ಕಿಂತ, ಅದೇ ಗುಳಿಗೆ ನುಂಗುತ್ತ ಮನೆ ಮಕ್ಕಳನ್ನು ನೋಡಿಕೊಳ್ಳುತ್ತಿರುವ ಹೆಂಗಸೊಬ್ಬಳು ಒಮ್ಮೆ ಹೇಳಿದ್ದು ಮನಸ್ಸಿಗೆ ನಾಟುತ್ತದೆ. ನನ್ನ ತಕರಾರು ಅವರಿಗೆ ಕೊಡುವ ತರಬೇತಿಯ ಬಗ್ಗೆ. ಎಷ್ಟೋ ಕಡೆ ಅದೆಂದರೆ ಉದ್ಘಾಟನೆ, ಹೂಗುಚ್ಛ, ವೈರಾಣುವಿನ ಮೇಲೊಂದು ಭಾಷಣ, ಊಟ, ಪ್ರಮಾಣಪತ್ರ. ಅಲ್ಲಿಗೆ ‘ಪೀರ್ ಎಜುಕೇಟರ್’ ತಯಾರು!

“ಅನುಭವವೇ ಗುರು, ಅವರಿಗೆ ಇನ್ನೇನು ಕಲಿಸುವುದು?” ಎನ್ನುವವರಿದ್ದಾರೆ. ಶಾಲೆಗೆ ಹೋದವರೆಲ್ಲ ಮೇಷ್ಟರಾಗಬಹುದು ಎಂದ ಹಾಗಾಯಿತು. ಬಿ.ಎಡ್.ನಲ್ಲಿ ನಮ್ಮನ್ನು ನಿಜವಾದ ಮಕ್ಕಳ ಮುಂದೆ ನಿಲ್ಲಿಸಿ, ಹಿಂದಿನ ಬೆಂಚಿನಲ್ಲಿ ಕೂತು ಟಿಪ್ಪಣಿ ಬರೆದುಕೊಳ್ಳುತ್ತಿದ್ದರು. ಇವರಿಗೇಕೆ ಅಂಥ ಅಭ್ಯಾಸ ಪಾಠವಿಲ್ಲ?

ವೈರಾಣುವಿನ ಪಾಠ ಬೇಡವೆನ್ನುತ್ತಿಲ್ಲ. 2004ರಿಂದ ಸರ್ಕಾರಿ ಎ.ಆರ್.ಟಿ. ಕೇಂದ್ರಗಳಲ್ಲಿ ಔಷಧಿ ಉಚಿತ. ತಪ್ಪದೆ ನುಂಗಿ, ರಕ್ತದಲ್ಲಿ ವೈರಾಣು ಪರೀಕ್ಷೆಗೂ ಸಿಗದಷ್ಟು ಇಳಿದು ಹಾಗೆಯೇ ಉಳಿದರೆ, ಲೈಂಗಿಕ ಸಂಪರ್ಕದಿಂದ ಸಂಗಾತಿಗೆ ಸೋಂಕು ಹರಡುವುದಿಲ್ಲ. ಇದು ಗೊತ್ತಿರಲೇಬೇಕು. ಆದರೆ ಇಷ್ಟು ಗೊತ್ತಿದ್ದೂ ಗುಳಿಗೆ ಬಿಡುವವರಿದ್ದಾರಲ್ಲ, ಅವರನ್ನು ಕಾಡುವುದು ಭಯ. ಓರಗಿತ್ತಿ ಡಬ್ಬಿ ನೋಡಿಯಾಳು, ಆಸ್ಪತ್ರೆಯ ಸಾಲಿನಲ್ಲಿ ಬೀದಿಯವರು ಸಿಕ್ಕಾರು. ಪಕ್ಕದ ಜಿಲ್ಲೆಗೆ ಬಸ್ಸು ಹತ್ತಿ ಹೋಗಿ ಗುಳಿಗೆ ತರುವವರೂ ಇದ್ದಾರೆ. ಅಂಥವಳ ಮನೆಗೆ ಸಂಸ್ಥೆಯ ಹೆಸರಿನ ಚೀಲ ಹೆಗಲಿಗೇರಿಸಿಕೊಂಡು ಹೋದರೆ ಅದು ಉಪಕಾರವೇ? ಬಾಗಿಲು ತೆರೆದ ಅತ್ತೆ “ಯಾರಮ್ಮಾ ನೀನು, ನಮ್ಮ ಹುಡುಗಿ ಹೇಗೆ ಪರಿಚಯ?” ಎಂದರೆ ಏನು ಹೇಳಬೇಕು? ಫೋನನ್ನು ಮೈದುನ ಎತ್ತಿಕೊಂಡರೆ? ಮನೆಗೆ ಬರಲೇ, ಬೇರೆಲ್ಲಾದರೂ ಸಿಗಲೇ ಎಂದು ಮೊದಲೇ ಕೇಳಿಕೊಳ್ಳುವುದು ಹೇಗೆ? ಒಬ್ಬರು ಅತ್ತೆಯಾಗಿ, ಒಬ್ಬರು ಸೊಸೆಯಾಗಿ, ನಾಲಿಗೆಗೆ ರೂಢಿಯಾಗುವ ತನಕ ಇದನ್ನು ಆಡಿ ಕಲಿಯಬೇಕು.

ಕೆಲವು ಸಂದರ್ಭಗಳನ್ನು ಬಿಟ್ಟರೆ, ಒಪ್ಪಿಗೆಯಿಲ್ಲದೆ ಯಾರ ಸೋಂಕಿನ ವಿಷಯವನ್ನೂ ಬಯಲು ಮಾಡಕೂಡದೆಂದು 2017ರ ಕಾಯಿದೆಯೇ ಹೇಳುತ್ತದೆ. ಆದರೂ ಡಿಸೆಂಬರ್ 1 ಬಂತೆಂದರೆ ಇದೇ ಹೆಂಗಸರನ್ನು ವೇದಿಕೆಗೆ ಕರೆದು “ನಿಮ್ಮ ಕಥೆ ಹೇಳಿ” ಎನ್ನುತ್ತಾರೆ. ಇಷ್ಟಪಟ್ಟು ಹೇಳುವವರ ಧೈರ್ಯಕ್ಕೆ ನನ್ನ ನಮಸ್ಕಾರ. ಹೇಳದಿದ್ದರೆ ಗೌರವಧನ ನಿಂತೀತೆಂದು ಹೇಳಿದರೆ ಅದನ್ನೂ ಒಪ್ಪಿಗೆ ಎನ್ನಬೇಕೆ?

ಗೌರವಧನವಂತೆ! ಸಂಬಳವೆನ್ನಲು ಮನಸ್ಸಿಲ್ಲದವರು ಇಟ್ಟ ಹೆಸರು ಅದು. ಊರೂರು ಸುತ್ತುವ ಅವಳಿಗೆ ಬಸ್ ಚಾರ್ಜು ಕಳೆದು ಎಷ್ಟು ಉಳಿಯುತ್ತದೆಂದು, ಮುಂದಿನ ಸಲ ಹಾರ ಹಾಕುವಾಗ ಯಾರಾದರೂ ಕೇಳಿ.