ಮುಚ್ಚಳ ತೆಗೆದು ನೋಡಿರಿ

ದೂರದೂರಿಗೆ ಮನೆ ಬದಲಾಯಿಸಿದವರಾರೂ ನಾನೀಗ ಹೇಳಹೊರಟಿರುವ ಸಂಗತಿಯನ್ನು ಅರಿಯದವರಲ್ಲ. ಬೀರುವಿನ ಬಾಗಿಲು ಓರೆಯಾದುದು, ಅಜ್ಜಿಯ ಕಾಲದ ಭರಣಿ ಬಿರುಕುಬಿಟ್ಟುದು, ಮಂಚದ ಕಾಲೊಂದು ದಾರಿಯಲ್ಲಿಯೇ ಕಾಣೆಯಾದುದು, ಇಂಥ ಕಥೆಯೊಂದು ಪ್ರತಿಯೊಂದು ಮನೆಯಲ್ಲಿಯೂ ಉಂಟು. ಅದನ್ನು ಹೇಳಿಕೊಂಡು ಕಡೆಯಲ್ಲಿ "ಹೋಗಲಿ ಬಿಡಿ, ಸಾಗಾಟವೆಂದ ಮೇಲೆ ಇಷ್ಟು ಆಗಿಯೇ ಆಗುತ್ತದೆ" ಎಂದು ನಾವೇ ನಮಗೆ ಸಮಾಧಾನ ಹೇಳಿಕೊಳ್ಳುವುದೂ ಉಂಟು. ಈ ಸಮಾಧಾನವನ್ನು ಕೇಳಿದಾಗಲೆಲ್ಲ ಈಗ ನನ್ನ ಮೈ ಉರಿಯುತ್ತದೆ. ಭರಣಿ ಒಡೆದರೆ ಹೋಗುವುದು ಭರಣಿಯೊಂದೇ. ಮೇಜಿನ ಮೇಲಿನ ಕಂಪ್ಯೂಟರ್ ಒಡೆದು ಅದರೊಡನೆ ಒಂದು ಸಂಸಾರದ ಇಪ್ಪತ್ತು ವರ್ಷಗಳ ಬರಹ, ಧ್ವನಿ, ಚಿತ್ರ, ಲೆಕ್ಕಪತ್ರಗಳೆಲ್ಲವೂ ಮಣ್ಣುಪಾಲಾದಾಗ, ಅದನ್ನೂ ಭರಣಿಯ ಸಾಲಿಗೇ ಸೇರಿಸಿ "ಆಗಿಯೇ ಆಗುತ್ತದೆ" ಎನ್ನುವವರನ್ನು ನಾನು ಕ್ಷಮಿಸಲಾರೆ. ಅದು ತಾನಾಗಿ ಆಗುವುದಿಲ್ಲ, ನಾವು ಆಗಗೊಡುತ್ತೇವೆ.

ನಾನೂ ನನ್ನ ಪತ್ನಿಯೂ ಹನ್ನೊಂದು ವರ್ಷಗಳ ಕಾಲ ಶಾಲೆಯ ರಜಾದಿನಗಳಲ್ಲಿ ನಾಗಮಂಗಲ, ಪಾಂಡವಪುರ ತಾಲ್ಲೂಕುಗಳ ಹಳ್ಳಿಗಳನ್ನು ಸುತ್ತಿ, ವೃದ್ಧ ಸ್ತ್ರೀಯರ ಬಾಯಿಂದ ಸೋಬಾನೆಯ ಪದಗಳನ್ನೂ ಬೀಸುವ ಪದಗಳನ್ನೂ ಧ್ವನಿಮುದ್ರಿಸಿಕೊಂಡು ಬಂದೆವು. ಅವುಗಳಲ್ಲಿ ಒಂದಂತೂ ನನ್ನ ಕಿವಿಯಿಂದ ಇಂದಿಗೂ ಅಳಿಸಿಹೋಗಿಲ್ಲ: ಎಂಬತ್ತು ದಾಟಿದ ಒಬ್ಬ ಮುದುಕಿ, ಹಾಡೆಂದರೆ ಹಾಡಲಾರೆನೆಂದೂ, ಕೈಗೆ ಬೀಸುವ ಕಲ್ಲಿನ ಗೂಟ ಕೊಟ್ಟರೆ ಹಾಡು ತಾನಾಗಿಯೇ ಬರುವುದೆಂದೂ ಹೇಳಿ, ಒಂದು ಸೇರು ರಾಗಿಯನ್ನು ಬೀಸುತ್ತಬೀಸುತ್ತ ಹಾಡಿದ ಪದವದು; ಅದರ ಹಿಂದೆ ಕಲ್ಲಿನ ಗರಗರವೂ, ನಡುನಡುವೆ ಹಿಡಿ ರಾಗಿ ಸುರಿಯುವ ಸದ್ದೂ ಕೇಳಿಸುತ್ತಿದ್ದುವು. ಇಂಥ ಇನ್ನೂರಕ್ಕೂ ಮಿಕ್ಕ ಪದಗಳನ್ನು ನುಡಿ ತಂತ್ರಾಂಶದಲ್ಲಿ ಅಕ್ಷರಕ್ಕಿಳಿಸಿ, ಧ್ವನಿಯ ಸಹಿತವಾಗಿ, ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬಿಡಿಭಾಗಗಳನ್ನು ಕೊಂಡು ಮಗನು ಜೋಡಿಸಿಕೊಟ್ಟ ಕಂಪ್ಯೂಟರಿನಲ್ಲಿ ಇರಿಸಿದ್ದೆವು. ನಿವೃತ್ತಿಯ ಅನಂತರ ಮಗನಿದ್ದ ದೆಹಲಿಗೆ ಹೊರಡುವುದೆಂದು ನಿಶ್ಚಯವಾದಾಗ, ಮೈಸೂರಿನ ಮನೆಯ ಸಮಸ್ತ ಸಾಮಾನಿನೊಡನೆ ಅದನ್ನೂ ಒಂದು ಸಾಗಣೆಯ ಕಂಪನಿಗೆ ಒಪ್ಪಿಸಿದೆವು.

ಅಂದು ನಡೆದುದನ್ನು ನಾನು ಕಂಡದ್ದು ಕಂಡಂತೆಯೇ ಹೇಳುತ್ತೇನೆ. ಕೆಲಸದವರು ಆ ಕಬ್ಬಿಣದ ಪೆಟ್ಟಿಗೆಗೆ ಬಬಲ್ ಶೀಟನ್ನು ನಾಲ್ಕು ಸುತ್ತು ಸುತ್ತಿ, ರಟ್ಟಿನ ಡಬ್ಬಕ್ಕೆ ಇಳಿಸಿ, ಕಂದು ಟೇಪು ಬಿಗಿದು, ಗಾಜಿನ ಲೋಟದ ಚಿತ್ರವಿದ್ದ ಕೆಂಪು ಚೀಟಿಯೊಂದನ್ನು ಅಂಟಿಸಿದರು. ಹೊರಲು ಬಂದ ಹಮಾಲಿ ಒಂದು ಗಳಿಗೆ ನಿಂತು, "ಇದ್ರೊಳಗೆ ಏನೈತೆ ಸಾಮಿ? ಮಲಗಿಸ್ಲಾ, ನಿಲ್ಲಿಸ್ಲಾ?" ಎಂದು ಕೇಳಿದನು. ಉಸ್ತುವಾರಿಯ ಮನುಷ್ಯನು ಕೈಯಲ್ಲಿದ್ದ ಪಟ್ಟಿಯಿಂದ ತಲೆಯೆತ್ತದೆ, "ಏನೂ ಇಲ್ಲ ಕಣಯ್ಯ, ಬರೀ ಡಬ್ಬ, ಎತ್ತಾಕು" ಎಂದನು. ಪಟ್ಟಿಯಲ್ಲಿ ಅವನು ಬರೆದದ್ದು ಇಷ್ಟೇ: "ಸಿಪಿಯು – 1, ಹಳೆಯದು." ನಾನು ಪಕ್ಕದಲ್ಲಿಯೇ ಇದ್ದೆ. ಆ ಇಡೀ ದಿನದಲ್ಲಿ ಕೇಳಬೇಕಾದ ಪ್ರಶ್ನೆಯನ್ನು ಕೇಳಿದವನು ಆ ಹಮಾಲಿಯೊಬ್ಬನೇ. ಅವನಿಗೆ ಉತ್ತರ ಕೊಡಬೇಕಾಗಿದ್ದ ನಾವಿಬ್ಬರೂ ಕೊಡಲಿಲ್ಲ. ಆದುದರಿಂದ, ಈ ಬಗೆಯ ನಷ್ಟವಾದಾಗಲೆಲ್ಲ "ಹಮಾಲಿಗಳು ಎತ್ತಿ ಬಿಸಾಡಿದರು" ಎಂದು ದೂರುವ ನಮ್ಮ ಸುಲಭವಾದ ಅಭ್ಯಾಸವನ್ನು ನಾನು ಒಪ್ಪಲಾರೆ. ಒಳಗೇನಿದೆಯೆಂದು ಹೇಳದೆ ಹೊರೆ ಹೊರಿಸಿ, ಹೊತ್ತವನ ಮೇಲೆಯೇ ಅಪರಾಧವನ್ನೂ ಹೊರಿಸುವುದು ಅನ್ಯಾಯದ ಮೇಲಿನ ಅನ್ಯಾಯ.

ಒಳಗೇನಿತ್ತು? ಮುಚ್ಚಳ ತೆರೆದಿದ್ದರೆ ನಮಗೆ ಕಾಣುತ್ತಿತ್ತು. ನಾವು ಪೆಟ್ಟಿಗೆಯನ್ನೇ ಸಿಪಿಯು ಎಂದು ಕರೆದು ರೂಢಿಯಾಗಿದೆ. ನಿಜವಾದ ಸಿಪಿಯು ಒಳಗಣ ಮದರ್‌ಬೋರ್ಡಿನ ಮೇಲೆ ಕುಳಿತಿರುವ, ಅಂಗೈಯೊಳಗೆ ಅಡಗುವ ಒಂದು ಚಿಪ್ಪು. ಅದು ಬಿಸಿಯಾಗದಿರಲೆಂದು ಅದರ ಮೇಲೆ ಕೂಲರೆಂಬ ಲೋಹದ ಹಲಗೆಗಳ ಗೋಪುರವೊಂದನ್ನು ಬಿಗಿದಿರುತ್ತಾರೆ. ದೊಡ್ಡ ಕೂಲರುಗಳ ತೂಕ ಒಂದು ಕಿಲೋಗ್ರಾಮನ್ನು ಮೀರುತ್ತದೆ. ಆಟಕ್ಕೋ ಚಿತ್ರಸಂಪಾದನೆಗೋ ಬೇಕಾಗುವ ಗ್ರಾಫಿಕ್ಸ್ ಕಾರ್ಡೂ ಅಷ್ಟೇ ಭಾರವಾಗಿರಬಲ್ಲುದು. ಪೆಟ್ಟಿಗೆಯು ನೆಟ್ಟಗೆ ನಿಂತಿರುವಾಗ ಇವೆರಡೂ ಗೋಡೆಗೆ ಹೊಡೆದ ಗೂಟದಂತೆ ಅಡ್ಡಲಾಗಿ ಚಾಚಿಕೊಂಡು, ಒಂದು ಪ್ಲಾಸ್ಟಿಕ್ಕಿನ ಸಂದನ್ನೂ ಕೆಲವು ತಿರುಪುಗಳನ್ನೂ ನಂಬಿ ಜೋತುಬಿದ್ದಿರುತ್ತವೆ. ಮೇಜಿನ ಮೇಲೆ ಅಲುಗಾಡದೆ ಇರುವ ತನಕ ಆ ನಂಬಿಕೆ ಸಾಕು. ಲಾರಿಯಲ್ಲಿ ಬೆಂಗಳೂರು, ಹೈದರಾಬಾದು, ನಾಗಪುರ, ಝಾನ್ಸಿ, ಆಗ್ರಾಗಳನ್ನು ಹಾದು, ಎರಡು ಸಾವಿರ ಕಿಲೋಮೀಟರಿಗೂ ಮಿಗಿಲಾದ ದಾರಿಯನ್ನು ಕ್ರಮಿಸುವಾಗ ಅದು ಸಾಲದು. ಪ್ರತಿಯೊಂದು ಉಬ್ಬೂ ಪ್ರತಿಯೊಂದು ಗುಂಡಿಯೂ ಆ ಜೋತುಬಿದ್ದ ಭಾರವನ್ನು ಹಿಡಿದು ಜಗ್ಗುತ್ತದೆ. ಅಷ್ಟೇ ಅಲ್ಲದೆ, ಇಡೀ ಲಾರಿಯನ್ನು ಗೊತ್ತುಮಾಡಿಕೊಳ್ಳದೆ ಪಾರ್ಟ್ ಲೋಡಿನಲ್ಲಿ ಕಳುಹಿಸಿದ ಸಾಮಾನನ್ನು ಮನೆಯಿಂದ ಚಿಕ್ಕ ಗಾಡಿಗೆ, ಗಾಡಿಯಿಂದ ಗೋದಾಮಿಗೆ, ಗೋದಾಮಿನಿಂದ ದೊಡ್ಡ ಲಾರಿಗೆ, ಅಲ್ಲಿಂದ ಮತ್ತೆ ಗೋದಾಮಿಗೆ, ಮತ್ತೆ ಗಾಡಿಗೆ, ಕಡೆಗೆ ಮನೆಗೆ ಎಂದು ಆರು ಸಲ ಎತ್ತಿ ಇಳಿಸುತ್ತಾರೆ. ಪೆಟ್ಟಿಗೆಯ ಹೊರಮೈಗೆ ಸುತ್ತಿದ ಬಬಲ್ ಶೀಟು ಹೊರಮೈಯನ್ನು ಕಾಯುತ್ತದೆಯೇ ಹೊರತು ಒಳಗೆ ತೂಗಾಡುವ ಭಾರವನ್ನು ಹೇಗೆ ತಾನೇ ಹಿಡಿದೀತು? ತೊಟ್ಟಿಲಿನ ಹೊರಮೈಗೆ ರೇಷ್ಮೆ ಹೊದಿಸಿ, ಒಳಗಣ ಕೂಸಿನ ಕೆಳಗೆ ಒಂದು ಚಿಂದಿಯನ್ನೂ ಹಾಸದ ತಾಯಿಯನ್ನು ನೀವು ಏನೆಂದು ಕರೆಯುವಿರಿ?

ಇನ್ನು ಹಾರ್ಡ್ ಡಿಸ್ಕಿನ ಮಾತು. ಅದರ ಒಳಗೆ ಕನ್ನಡಿಯಂತೆ ನುಣುಪಾದ ಬಿಲ್ಲೆಗಳು ನಿಮಿಷಕ್ಕೆ 5400 ಅಥವಾ 7200 ಸುತ್ತು ಸುತ್ತುತ್ತವೆ. ಅವುಗಳ ಮೇಲೆ, ಕೂದಲೆಳೆಯ ದಪ್ಪದ ಸಾವಿರದಲ್ಲಿ ಒಂದು ಪಾಲಿಗಿಂತಲೂ ಕಿರಿದಾದ ಅಂತರದಲ್ಲಿ, ಓದುವ ಮುಳ್ಳು ತೇಲುತ್ತಿರುತ್ತದೆ. ವಿದ್ಯುತ್ತು ನಿಂತಾಗ ಆ ಮುಳ್ಳು ತನ್ನ ತಾವಿಗೆ ಸರಿದು ವಿಶ್ರಮಿಸುವುದರಿಂದ ಸಣ್ಣಪುಟ್ಟ ಆಘಾತಗಳನ್ನು ಅದು ತಾಳಿಕೊಳ್ಳುತ್ತದೆಯೆಂಬುದು ನಿಜ. ಆದರೆ ಲಾರಿಯ ಹಲಗೆಯಿಂದ ಸಿಮೆಂಟಿನ ನೆಲಕ್ಕೆ ಬಿದ್ದ ಪೆಟ್ಟನ್ನು ತಾಳಿಕೊಳ್ಳುವುದೆಂಬ ಭರವಸೆಯನ್ನು ಯಾರೂ ಕೊಡಲಾರರು.

ಒಂಬತ್ತನೆಯ ದಿನ ಡಬ್ಬ ದೆಹಲಿಯ ಮನೆಯನ್ನು ಮುಟ್ಟಿತು. ಅದನ್ನು ಒಳಗಿಟ್ಟ ಕೂಲಿಯವನು, ಒಳಗೆ ಏನೋ ಗಲಗಲ ಎನ್ನುತ್ತಿದೆಯೆಂದು ಹಿಂದಿಯಲ್ಲಿ ಹೇಳಿಯೇ ಹೋದನು. ಹಾಡುಗಳನ್ನು ಕೇಳುವ ಆತುರದಲ್ಲಿ ನಾನು ಆ ಮಾತನ್ನು ಕಿವಿಗೆ ಹಾಕಿಕೊಳ್ಳದೆ, ತಂತಿಗಳನ್ನು ಸಿಕ್ಕಿಸಿ ಗುಂಡಿಯನ್ನು ಒತ್ತಿಬಿಟ್ಟೆ. ಮೊದಲು ಸುಟ್ಟ ವಾಸನೆ ಬಂದಿತು. ಅನಂತರ ಪೆಟ್ಟಿಗೆಯ ಒಳಗಿನಿಂದ ಟಕ್, ಟಕ್, ಟಕ್ ಎಂಬ ಸದ್ದು. ಮರುದಿನ ನೆಹರೂ ಪ್ಲೇಸಿನ ಅಂಗಡಿಯೊಂದರಲ್ಲಿ ಇಪ್ಪತ್ತರ ಹರೆಯದ ಹುಡುಗನು ಪೆಟ್ಟಿಗೆಯ ಹಿಂಬದಿಯ ಎರಡು ತಿರುಪುಗಳನ್ನು ಬಿಚ್ಚಿ ಪಕ್ಕದ ತಗಡನ್ನು ಜಾರಿಸಿದನು. ಕೂಲರು ತಳಕ್ಕೆ ಬಿದ್ದಿದ್ದಿತು. ಗ್ರಾಫಿಕ್ಸ್ ಕಾರ್ಡು ತನ್ನ ಸಂದನ್ನು ಸೀಳಿಕೊಂಡು ಓರೆಯಾಗಿ ನೇತಾಡುತ್ತಿದ್ದಿತು. ಡಿಸ್ಕಿನ ಮುಳ್ಳು ಬಿಲ್ಲೆಯನ್ನು ಗೀರಿದೆಯೆಂದೂ, ಗುಂಡಿ ಒತ್ತದೆ ತಂದಿದ್ದರೆ ಸ್ವಲ್ಪವಾದರೂ ಉಳಿಯುತ್ತಿತ್ತೋ ಏನೋ ಎಂದೂ ಅವನು ಮೆಲ್ಲಗೆ ಹೇಳಿದನು. ಬೀಸುವ ಕಲ್ಲಿನ ಗರಗರವಿದ್ದ ಎಡೆಯಲ್ಲಿ ಈಗ ಆ ಟಕ್ ಟಕ್ ಒಂದೇ ಉಳಿದಿದೆ.

ಎರಡು ತಿರುಪುಗಳು, ಮಹನೀಯರೇ! ಎರಡೇ ಎರಡು. ಮೈಸೂರಿನಲ್ಲಿ ಅವನ್ನು ಬಿಚ್ಚಿದ್ದರೆ ಡಿಸ್ಕು ನನ್ನ ಕೈಚೀಲದಲ್ಲಿ ಬರುತ್ತಿತ್ತು. ದೆಹಲಿಯಲ್ಲಿ ಬಿಚ್ಚಿದ್ದರೆ ಮುರಿದುದು ಕಣ್ಣಿಗೆ ಬಿದ್ದು, ಗುಂಡಿ ಒತ್ತುವ ಕೈ ತಡೆಯುತ್ತಿತ್ತು. ಎರಡು ಸಲ ಅವಕಾಶವಿದ್ದಿತು, ಎರಡು ಸಲವೂ ತೆರೆಯಲಿಲ್ಲ. ರಸ್ತೆಯ ಗುಂಡಿಯನ್ನು ನಾನು ಕ್ಷಮಿಸಿಯೇನು, ಲಾರಿಯ ಕುಲುಕಾಟವನ್ನು ಕ್ಷಮಿಸಿಯೇನು, ದಣಿದ ಕೂಲಿಯವನ ಕೈಜಾರಿದುದನ್ನೂ ಕ್ಷಮಿಸಿಯೇನು. ತೆರೆದು ನೋಡದ ಉದಾಸೀನವನ್ನು, ಅದು ನನ್ನದೇ ಆಗಿರಲಿ, ಆ ಉಸ್ತುವಾರಿಯವನದಾಗಿರಲಿ, ನಿಮ್ಮದಾಗಿರಲಿ, ಕ್ಷಮಿಸಲು ನನ್ನಿಂದಾಗದು.

ಏಕೆಂದರೆ ನಾವು ಸ್ವಭಾವತಃ ಅಜಾಗರೂಕರಾದ ಜನವಲ್ಲ. ಉಪ್ಪಿನಕಾಯಿಯ ಜಾಡಿಗೆ ಬಟ್ಟೆ ಕಟ್ಟಿ, ಕರ್ನಾಟಕ ಎಕ್ಸ್‌ಪ್ರೆಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಬೆಂಗಳೂರಿನಿಂದ ದೆಹಲಿಯವರೆಗೆ ಒಂದು ತೊಟ್ಟೂ ಚೆಲ್ಲದಂತೆ ಒಯ್ಯಬಲ್ಲವರು ನಾವು. ದೇವರ ಪೆಟ್ಟಿಗೆಯನ್ನು ಪರರ ಕೈಗೆ ಕೊಡುವುದಿಲ್ಲ. ಒಡವೆಯನ್ನು ಲಾರಿಗೆ ಹಾಕುವುದಿಲ್ಲ. ಆದರೆ ಮುಕ್ಕಾಲು ಕಿಲೋವನ್ನು ಮೀರದ, ಕೈಚೀಲದ ಮೂಲೆಯಲ್ಲಿ ಅಡಗುವ ಡಿಸ್ಕೊಂದನ್ನು, ತಂದೆಯ ಧ್ವನಿಯೂ ಮಗುವಿನ ಮೊದಲ ಹೆಜ್ಜೆಯೂ ಜೀವಮಾನದ ಬರಹವೂ ಇರುವ ಆ ಡಿಸ್ಕನ್ನು, ಗ್ಯಾಸ್ ಒಲೆ ಚಪ್ಪಲಿಗೂಡುಗಳ ನಡುವೆ ಎಸೆದು ನಿಶ್ಚಿಂತರಾಗಿ ರೈಲು ಹತ್ತುತ್ತೇವೆ. ನಮ್ಮ ಜಾಗರೂಕತೆಯೆಲ್ಲ ಕಣ್ಣಿಗೆ ಕಾಣುವ ವಸ್ತುವಿಗೆ ಮಾತ್ರ ಮೀಸಲೇ?

ಸಾಗಣೆಯ ಉದ್ಯಮದವರಿಗೂ ಒಂದು ಮಾತು. 1865ರ ಸಾಗಣೆದಾರರ ಕಾಯಿದೆಯ ಸ್ಥಾನದಲ್ಲಿ 2007ರಲ್ಲಿ ಬಂದ ರಸ್ತೆ ಸಾಗಣೆಯ ಕಾಯಿದೆಯು ಸಾಮಾನಿನ ಹೊಣೆಯನ್ನು ನಿಮ್ಮ ಮೇಲೆ ಹೊರಿಸಿದೆಯಾದರೂ, ಕಳುಹಿಸುವವನು ಹೆಚ್ಚಿನ ಬೆಲೆಯನ್ನು ಮೊದಲೇ ಘೋಷಿಸದಿದ್ದರೆ ಆ ಹೊಣೆಗೆ ಮಿತಿಯನ್ನೂ ಹಾಕಿದೆ. ನಿಮಗೆ ಅದು ತಿಳಿದಿದೆ. ತಿಳಿದೂ "ಸಿಪಿಯು – 1, ಹಳೆಯದು" ಎಂದು ಬರೆದುಕೊಂಡು, ಬೆಲೆಯ ಅಂಕಣವನ್ನು ಖಾಲಿ ಬಿಟ್ಟು, ಸಹಿ ಹಾಕಿಸಿಕೊಳ್ಳುತ್ತೀರಿ. ನಾನು ದೂರಿದಾಗ ನನ್ನ ಮುಂದೆ ಹಿಡಿದದ್ದೂ ಆ ಸಹಿಯನ್ನೇ. ಕಾನೂನಿನ ಮಿತಿಯೊಳಗೆ ನೀವು ಸುರಕ್ಷಿತರಿರಬಹುದು, ಧರ್ಮದ ಮಿತಿಯೊಳಗಲ್ಲ. ಪೆಟ್ಟಿಗೆಯ ಒಳಗೇನಿದೆಯೆಂದು ಮನೆಯವರನ್ನು ಕೇಳಿ, ಅದನ್ನು ಹೊರುವವನಿಗೆ ಹೇಳಲು ಎಷ್ಟು ಹೊತ್ತು ಬೇಕು?

ಪರಿಹಾರವೇನೆಂದು ಕೇಳುವಿರಾದರೆ ಅದು ದೊಡ್ಡ ವಿದ್ಯೆಯೇನೂ ಅಲ್ಲ. ಪ್ರಯಾಣಕ್ಕೆ ಮೊದಲು ಡಿಸ್ಕಿನಲ್ಲಿರುವುದೆಲ್ಲವನ್ನೂ ಇನ್ನೊಂದು ಡಿಸ್ಕಿಗೆ ನಕಲು ಮಾಡಿಕೊಳ್ಳಿರಿ. ಅನಂತರ ತಂತಿಯನ್ನು ಕಳಚಿ, ಮುಚ್ಚಳ ತೆರೆದು, ಡಿಸ್ಕನ್ನು ಹೊರತೆಗೆದು ಸ್ವಂತ ಕೈಚೀಲದಲ್ಲಿ ಒಯ್ಯಿರಿ. ಭಾರವಾದ ಕೂಲರನ್ನೂ ಕಾರ್ಡನ್ನೂ ಬಿಚ್ಚಿಸಿ ಬೇರೆಯಾಗಿ ಸುತ್ತಿರಿ. ಕೈ ನಡುಗಿದರೆ ಬೀದಿಯ ಕಂಪ್ಯೂಟರ್ ಅಂಗಡಿಯ ಹುಡುಗನನ್ನು ಕರೆಯಿಸಿರಿ, ಅವನಿಗೆ ಅದು ಅರ್ಧ ಗಂಟೆಯ ಕೆಲಸ. ಬಿಚ್ಚಲು ಆಗದೇ ಹೋದರೆ, ಮದರ್‌ಬೋರ್ಡು ಕೆಳಗಾಗಿ ಭಾರವೆಲ್ಲ ಅದರ ಮೇಲೆ ನೆಟ್ಟಗೆ ನಿಲ್ಲುವಂತೆ ಪೆಟ್ಟಿಗೆಯನ್ನು ಮಲಗಿಸಿರಿ. ಪಕ್ಕದ ಬಾಗಿಲು ಗಾಜಿನದಾದರೆ ಅದನ್ನು ಕಳಚಿ ಪ್ರತ್ಯೇಕವಾಗಿ ಕಟ್ಟಿರಿ. ಬೆಲೆಯನ್ನು ರಸೀದಿಯಲ್ಲಿ ಬರೆಯಿಸಿರಿ. ಊರು ಸೇರಿದ ಮೇಲೆ, ಗುಂಡಿ ಒತ್ತುವುದಕ್ಕೆ ಮುಂಚೆ, ಮತ್ತೊಮ್ಮೆ ತೆರೆದು ನೋಡಿರಿ. ಇಷ್ಟೇ. ಇದರಲ್ಲಿ ನಿಮಗೆ ತಿಳಿಯದುದು ಯಾವುದು? ತಿಳಿದೂ ಮಾಡದಿರುವುದೇ ನಮ್ಮ ರೋಗವಾಗಿರುವಾಗ, ತಿಳಿವಳಿಕೆಯ ಪಟ್ಟಿಯನ್ನು ಇನ್ನಷ್ಟು ಉದ್ದ ಮಾಡುವುದರಿಂದ ಏನು ಪ್ರಯೋಜನ?

"ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು" ಎಂಬ ಗಾದೆಗೆ ನಾನು ಉದಾಹರಣೆಯಾದುದಾಯಿತು. ಇನ್ನೊಂದು ಮನೆ ಆಗಬೇಕಾಗಿಲ್ಲ. ನನ್ನ ಪತ್ನಿ ಇಂದಿಗೂ ಆ ಸತ್ತ ಡಿಸ್ಕನ್ನು ಬಟ್ಟೆಯಲ್ಲಿ ಸುತ್ತಿ ದೇವರ ಗೂಡಿನ ಪಕ್ಕದಲ್ಲಿ ಇಟ್ಟಿದ್ದಾಳೆ. ಎಸೆಯಲು ಮನಸ್ಸಾಗುವುದಿಲ್ಲ, ಇಟ್ಟುಕೊಂಡು ಮಾಡುವುದೇನೂ ಇಲ್ಲ. ಆ ರಾಗಿ ಬೀಸುವ ಮುದುಕಿ ತೀರಿಕೊಂಡು ನಾಲ್ಕು ವರ್ಷವಾಯಿತು. ಅವಳ ಪದವನ್ನು ಬಲ್ಲವರು ಯಾರಾದರೂ ಇರುವರೇ ಎಂದು ಅವಳ ಮೊಮ್ಮಗನಿಗೆ ಬರೆದು ಕೇಳಿದೆ. ಮನೆಯಲ್ಲಾಗಲಿ ಊರಿನಲ್ಲಾಗಲಿ ಒಬ್ಬರೂ ಇಲ್ಲವೆಂದೂ, ಮುದ್ರಿಸಿಕೊಂಡದ್ದು ನಿಮ್ಮಲ್ಲಿಯೇ ಇರಬೇಕಲ್ಲ, ಅಜ್ಜಿಯ ದನಿ ಕೇಳಬೇಕಾಗಿದೆ, ದಯವಿಟ್ಟು ಕಳುಹಿಸಿ ಎಂದೂ ಅವನ ಉತ್ತರ ಬಂದಿದೆ. ಅವನಿಗೆ ಏನೆಂದು ಬರೆಯಲಿ?

ನಾಳೆ ನಿಮ್ಮ ಮನೆಯ ಬಾಗಿಲಿಗೆ ಲಾರಿ ಬರುವುದಿದ್ದರೆ, ಇಂಥ ಪತ್ರಕ್ಕೆ ಉತ್ತರ ಬರೆಯುವ ಗತಿ ನಿಮಗೆ ಒದಗದಿರಲಿ. ಇಂದು ರಾತ್ರಿಯೇ ಆ ಎರಡು ತಿರುಪುಗಳನ್ನು ಬಿಚ್ಚಿರಿ.