ಸಂಬಳದ ಲೆಕ್ಕವಿದೆ, ಸೂರಿನ ಲೆಕ್ಕವೆಲ್ಲಿ?

ವಿಜಯಪುರ ಜಿಲ್ಲೆಯ ಜನರಿಗೆ ಗುಳೆ ಎಂಬ ಪದವನ್ನು ವಿವರಿಸಿ ಹೇಳಬೇಕಾಗಿಲ್ಲ. ಬರಗಾಲ ಬಿದ್ದಾಗಲೆಲ್ಲ ಇಲ್ಲಿಯ ಬಡ ಕುಟುಂಬಗಳು ಗೋವಾಕ್ಕೆ, ಮಹಾರಾಷ್ಟ್ರಕ್ಕೆ, ಮಂಗಳೂರಿಗೆ ಹೊಟ್ಟೆಪಾಡಿಗಾಗಿ ಹೋಗಿ ತಗಡಿನ ಶೆಡ್ಡುಗಳಲ್ಲಿ ಬಾಳಿವೆ. ತುಸು ಅನುಕೂಲವುಳ್ಳವರ ಮಕ್ಕಳು ಪಾಸ್‌ಪೋರ್ಟ್ ಮಾಡಿಸಿಕೊಂಡು ಕೊಲ್ಲಿ ರಾಷ್ಟ್ರಗಳ ಹಾದಿ ಹಿಡಿಯುತ್ತಾರೆ. ನಗರದ ಮೊಹಲ್ಲಾಗಳಲ್ಲಾಗಲಿ, ತಿಕೋಟಾ, ಬಬಲೇಶ್ವರಗಳಲ್ಲಾಗಲಿ, ಯುವಕನೊಬ್ಬ ಹೊರಡುವ ಮುನ್ನ ಮನೆಯಲ್ಲಿ ಲೆಕ್ಕ ನಡೆಯುತ್ತದೆ. ಏಜೆಂಟನಿಗೆ ಎಷ್ಟು, ಟಿಕೆಟಿಗೆ ಎಷ್ಟು, ಬರುವ ಸಂಬಳ ರೂಪಾಯಿಯಲ್ಲಿ ಎಷ್ಟು ಎಂದೆಲ್ಲ ಕೂಡಿ ಕಳೆಯಲಾಗುತ್ತದೆ. ಅಲ್ಲಿ ತಲೆಯ ಮೇಲಿನ ಸೂರಿಗೆ ಎಷ್ಟು ಎಂಬ ಪ್ರಶ್ನೆ ಮಾತ್ರ ಬಹುತೇಕ ಮನೆಗಳಲ್ಲಿ ಏಳುವುದೇ ಇಲ್ಲ. ತಾಯಿಯ ಬಳೆ ಅಡವಿಟ್ಟು, ಬಡ್ಡಿಯ ಸಾಲ ತಂದು ವಿಮಾನ ಹತ್ತಿದ ಮೇಲಷ್ಟೇ ಆ ಪ್ರಶ್ನೆ ಎದುರಾಗುತ್ತದೆ.

ದುಬೈಯ ಪದ್ಧತಿಯನ್ನೇ ನೋಡೋಣ. ಅಲ್ಲಿ ಬಾಡಿಗೆಯನ್ನು ವರ್ಷದ ಲೆಕ್ಕದಲ್ಲಿ ಗೊತ್ತುಪಡಿಸಿ, ಮುಂದಿನ ದಿನಾಂಕಗಳ ಕೆಲವೇ ಚೆಕ್ಕುಗಳಲ್ಲಿ ಪಡೆಯುವುದು ರೂಢಿ. ಅದಲ್ಲದೆ ಸಾಮಾನ್ಯವಾಗಿ ವರ್ಷದ ಬಾಡಿಗೆಯ ಶೇಕಡಾ 5ರಷ್ಟು ಠೇವಣಿ ಮತ್ತು ಅಷ್ಟೇ ದಲ್ಲಾಳಿ ಶುಲ್ಕ ಇರುತ್ತವೆ. ವಿದ್ಯುತ್ ಮತ್ತು ನೀರಿನ ಬಿಲ್ಲಿನೊಡನೆ ಇನ್ನೂ ಶೇಕಡಾ 5ರಷ್ಟು ವಸತಿ ಶುಲ್ಕ ವಸೂಲಾಗುತ್ತದೆ. ಉದಾಹರಣೆಗೆ ವರ್ಷಕ್ಕೆ 48,000 ದಿರ್ಹಮ್ ಬಾಡಿಗೆಯ ಪುಟ್ಟ ಮನೆಯೊಂದನ್ನು ನಾಲ್ಕು ಚೆಕ್ಕಿನ ಕರಾರಿನಲ್ಲಿ ಹಿಡಿದರೆ, ಒಳಗೆ ಕಾಲಿಡುವ ಮೊದಲೇ 16,800 ದಿರ್ಹಮ್ ಕೈಬಿಡುತ್ತದೆ. ಅದು ಮೂರೂವರೆ ಲಕ್ಷ ರೂಪಾಯಿಗೂ ಮೇಲೆ. ಆಮೇಲೆ ವಸತಿ ಶುಲ್ಕವೂ ಸೇರಿ ತಿಂಗಳಿಗೆ 4,200 ದಿರ್ಹಮ್ ಬೀಳುತ್ತದೆ. 5,000 ದಿರ್ಹಮ್ ಸಂಬಳದವನ ಕೈಯಲ್ಲಿ ಉಳಿಯುವುದು 800. ಅದರಲ್ಲಿಯೇ ಊಟ, ಬಸ್ಸು, ಮಕ್ಕಳ ಶಾಲೆ ಮತ್ತು ಊರಿನ ಸಾಲದ ಕಂತು!

ಇನ್ನೊಂದು ಸಂಗತಿಯೂ ಗಮನಾರ್ಹ. ತಿಂಗಳಿಗೆ 4,000 ದಿರ್ಹಮ್, ಅಥವಾ ಮಾಲೀಕನು ವಸತಿ ಕೊಡುವುದಾದರೆ 3,000 ದಿರ್ಹಮ್ ಸಂಬಳವಿದ್ದವನು ಕುಟುಂಬವನ್ನು ಕರೆತರಬಹುದೆಂದು ಯುಎಇ 2019ರಲ್ಲಿ ನಿಯಮ ಮಾಡಿತು. ಅಂದರೆ ಆ ನಿಯಮದ ಕಣ್ಣಿನಲ್ಲಿ ಮನೆಯೊಂದರ ಬೆಲೆ ತಿಂಗಳಿಗೆ ಒಂದು ಸಾವಿರ ದಿರ್ಹಮ್. ನಗರದ ಬಾಡಿಗೆಗೂ ಈ ಅಂಕಿಗೂ ಇರುವ ಅಂತರವನ್ನು ತುಂಬಬೇಕಾದವನು ನಮ್ಮ ಮನೆಯ ಹುಡುಗ. ವೀಸಾ ಸಿಕ್ಕಿತೆಂದ ಮಾತ್ರಕ್ಕೆ ಸಂಸಾರ ಹೂಡಲು ಸಾಧ್ಯವೆಂದು ತಿಳಿಯುವುದು ದುಬಾರಿಯಾದ ತಪ್ಪು.

ಸೌದಿ ಅರೇಬಿಯಾದಲ್ಲಿ ಬಾಡಿಗೆಯ ಮೇಲೆ ಇನ್ನೊಂದು ಭಾರವೂ ಬಿತ್ತು. ವಲಸಿಗರ ಅವಲಂಬಿತರ ಮೇಲೆ 2017ರ ಜುಲೈಯಲ್ಲಿ ತಲೆಗೆ ತಿಂಗಳಿಗೆ 100 ರಿಯಾಲ್‌ನಂತೆ ಶುಲ್ಕ ಆರಂಭವಾಗಿ, 2020ರಲ್ಲಿ ಅದು 400 ರಿಯಾಲ್‌ಗೆ ಏರಿತು. ಆ ದರದಲ್ಲಿ ಪತ್ನಿ ಮತ್ತು ಮೂರು ಮಕ್ಕಳಿದ್ದವನ ಪಾಲಿಗೆ ವರ್ಷಕ್ಕೆ 19,200 ರಿಯಾಲ್. ವರ್ಷಗಟ್ಟಲೆ ಒಟ್ಟಿಗೆ ಬಾಳಿದ ಎಷ್ಟೋ ಕುಟುಂಬಗಳು ಆ ವರ್ಷಗಳಲ್ಲಿ ಊರಿಗೆ ಮರಳಿದವು. ದುಡಿಯುವವನೊಬ್ಬನೇ ಅಲ್ಲಿ ಉಳಿದ. ರಿಯಾದ್‌ನಲ್ಲಿ ಬಾಡಿಗೆ ಎಷ್ಟು ಏರಿತೆಂದರೆ, 2025ರ ಸೆಪ್ಟೆಂಬರ್‌ನಲ್ಲಿ ಅಲ್ಲಿಯ ಸರಕಾರವೇ ಆ ನಗರದಲ್ಲಿ ಬಾಡಿಗೆ ಹೆಚ್ಚಳವನ್ನು ಐದು ವರ್ಷಗಳ ಕಾಲ ತಡೆಹಿಡಿಯಬೇಕಾಯಿತು.

ಒಂಟಿಯಾಗಿ ಉಳಿದವನ ಪಾಡೇನು? ಕೋಣೆಯೊಂದರಲ್ಲಿ ಆರೆಂಟು ಜನರ ನಡುವೆ ಒಂದು ಮಂಚ. ಇದಕ್ಕೆ 'ಬೆಡ್ ಸ್ಪೇಸ್' ಎಂದು ಹೆಸರು. ಹಲಗೆ ಅಡ್ಡ ಹಾಕಿ ಒಂದು ಕೋಣೆಯನ್ನು ನಾಲ್ಕು ಮಾಡಿದರೆ ಅದು 'ಪಾರ್ಟಿಶನ್'. 2025ರ ಜೂನ್‌ನಲ್ಲಿ ದುಬೈ ಆಡಳಿತವು ಅಲ್ ರಿಗ್ಗಾ, ಸತ್ವಾ ಮೊದಲಾದ ಬಡಾವಣೆಗಳಲ್ಲಿ ಇಂತಹ ಅಕ್ರಮ ಪಾರ್ಟಿಶನ್‌ಗಳ ವಿರುದ್ಧ ಕ್ರಮಕ್ಕಿಳಿಯಿತು. ಸುರಕ್ಷತೆಯ ದೃಷ್ಟಿಯಿಂದ ಅದನ್ನು ತಪ್ಪೆನ್ನಲಾಗದು. ಆದರೆ ಅಂತಹ ಕೋಣೆಗಳಲ್ಲಿ ದಿನ ನೂಕುತ್ತಿದ್ದವರು ರಾತ್ರೋರಾತ್ರಿ ಬೇರೆ ಸೂರನ್ನು ಎಲ್ಲಿಂದ ತರಬೇಕು?

ಮಾಲೀಕನೇ ವಸತಿ ಕೊಡುತ್ತಾನೆಂಬ ನೆಮ್ಮದಿಯೂ ಪೂರ್ಣವಲ್ಲ. 2024ರ ಜೂನ್ 12ರ ನಸುಕಿನಲ್ಲಿ ಕುವೈತ್‌ನ ಮಂಗಫ್‌ನಲ್ಲಿ ಹೊತ್ತಿ ಉರಿದದ್ದು ಕಂಪೆನಿಯೊಂದು ತನ್ನ ಕಾರ್ಮಿಕರಿಗೆ ಒದಗಿಸಿದ್ದ ಕಟ್ಟಡವೇ. ನೂರೈವತ್ತಕ್ಕೂ ಮಿಕ್ಕಿ ಜನ ಅಲ್ಲಿದ್ದರು. ಎರಡು ದಿನಗಳ ಬಳಿಕ 45 ಭಾರತೀಯರ ಪಾರ್ಥಿವ ಶರೀರಗಳನ್ನು ವಾಯುಪಡೆಯ ವಿಮಾನ ಕೊಚ್ಚಿಗೆ ತಂದಿಳಿಸಿತು. ಅವರಲ್ಲಿ ನಮ್ಮ ನೆರೆಯ ಕಲಬುರಗಿ ಜಿಲ್ಲೆಯವರೊಬ್ಬರೂ ಇದ್ದರು. 'ವಸತಿ ಉಚಿತ' ಎಂಬ ಎರಡು ಪದಗಳ ಹಿಂದೆ ಎಂತಹ ವಸತಿ, ಎಷ್ಟು ಜನಕ್ಕೆ, ಹೊರಬರಲು ಎಷ್ಟು ಬಾಗಿಲು ಎಂಬ ಪ್ರಶ್ನೆಗಳಿವೆ.

ಈ ಲೆಕ್ಕದ ಇನ್ನೊಂದು ತುದಿ ನಮ್ಮ ಮನೆಯೊಳಗಿದೆ. 'ಹುಡುಗ ದುಬೈಯಲ್ಲಿದ್ದಾನೆ' ಎಂಬ ಒಂದೇ ಮಾತಿಗೆ ನಿಕಾಹ್ ನಿಶ್ಚಯವಾಗುವುದುಂಟು. ಮೆಹರ್ ಎಷ್ಟೆಂದು ಹಿರಿಯರು ಚರ್ಚಿಸುತ್ತಾರೆ. ವಧು ಎಲ್ಲಿ ವಾಸಿಸುತ್ತಾಳೆ ಎಂದು ಕೇಳುವವರು ವಿರಳ. ಪತ್ನಿಗೆ ವಾಸಸ್ಥಳ ಒದಗಿಸುವುದು ಪತಿಯ ಹೊಣೆ ಎಂಬುದರಲ್ಲಿ ನಮ್ಮ ಧರ್ಮಶಾಸ್ತ್ರದ ಪಂಥಗಳಲ್ಲಿ ಭಿನ್ನಾಭಿಪ್ರಾಯವಿಲ್ಲ. ಆದರೂ ಒಂದೆರಡು ತಿಂಗಳ ರಜೆ ಮುಗಿಸಿ ಗಂಡ ಹೊರಟ ಮೇಲೆ ಆಕೆ ಅತ್ತೆಯ ಮನೆಯ ಒಂದು ಕೋಣೆಯಲ್ಲಿ, ಫೋನಿನ ಪರದೆಯ ಮೇಲೆ ದಾಂಪತ್ಯ ನಡೆಸುತ್ತಾಳೆ. ತಂದೆಯೆಂದರೆ ಎರಡು ವರ್ಷಕ್ಕೊಮ್ಮೆ ಸೂಟ್‌ಕೇಸ್ ತರುವ ಅತಿಥಿ ಎಂದೇ ಮಕ್ಕಳು ಬೆಳೆಯುತ್ತಾರೆ. ಬಡತನದ ಮುಂದೆ ಇದು ಅನಿವಾರ್ಯವೆನ್ನುವ ಮನೆಗಳನ್ನು ದೂರುವ ಹಕ್ಕು ಯಾರಿಗೂ ಇಲ್ಲ. ಆದರೆ ಅದನ್ನು ಮುಂಚೆಯೇ ತಿಳಿಸಿ ಒಪ್ಪಿಗೆ ಪಡೆಯುವ ಪ್ರಾಮಾಣಿಕತೆ ವರನ ಕಡೆಯವರಿಗೆ ಇರಲೇಬೇಕು.

ಇನ್ನೂ ಖೇದಕರವಾದುದು ಪ್ರತಿಷ್ಠೆಯ ಮನೆ. ಅಲ್ಲಿ ಮೇಲಂತಸ್ತಿನ ಮಂಚದಲ್ಲಿ ಮೈ ಮಡಚಿ ಮಲಗುವವನು ಇಲ್ಲಿ ಎರಡಂತಸ್ತಿನ ಮನೆ ಕಟ್ಟಿಸುತ್ತಾನೆ. ಗ್ರಾನೈಟ್ ನೆಲ, ದೊಡ್ಡ ಗೇಟು. ವಾಸಕ್ಕೆ ಮುಪ್ಪಿನ ತಂದೆತಾಯಿ ಇಬ್ಬರೇ. ಹತ್ತು ವರ್ಷದ ಬೆವರು ಗೋಡೆಯಾಗಿ ನಿಲ್ಲುತ್ತದೆ. ಮರಳಿ ಬಂದಾಗ ಅಂಗಡಿ ಹಾಕಲು, ಮಗಳನ್ನು ಓದಿಸಲು ಹಣವಿರುವುದಿಲ್ಲ. ಆತ ಮತ್ತೆ ವೀಸಾ ಹುಡುಕುತ್ತಾನೆ. ನೆರೆಹೊರೆಯವರ ಮೆಚ್ಚುಗೆಗಾಗಿ ಇಷ್ಟು ಬೆಲೆ ತೆರಬೇಕೇ?

ಆಳುವವರ ಹೊಣೆಯೂ ಇದೆ. ವಿಶ್ವಬ್ಯಾಂಕಿನ ಅಂದಾಜಿನಂತೆ 2024ರಲ್ಲಿ ಭಾರತಕ್ಕೆ ಹೊರನಾಡಿನ ದುಡಿಮೆಯಿಂದ ಬಂದ ಹಣ 129 ಶತಕೋಟಿ ಡಾಲರ್, ಜಗತ್ತಿನಲ್ಲಿಯೇ ಅತಿ ಹೆಚ್ಚು. ಈ ಅಂಕಿಯನ್ನು ಹೆಮ್ಮೆಯಿಂದ ಹೇಳುವ ಸರಕಾರಗಳು ಅದನ್ನು ಗಳಿಸಿದವನು ಎಲ್ಲಿ ಮಲಗುತ್ತಾನೆಂದು ಎಷ್ಟು ಬಾರಿ ವಿಚಾರಿಸಿವೆ? 2023ರ ಮೇಯಲ್ಲಿ ರಾಜ್ಯದ ಬೃಹತ್ ಕೈಗಾರಿಕಾ ಖಾತೆ ಬಬಲೇಶ್ವರ ಕ್ಷೇತ್ರದ ಶಾಸಕರಿಗೇ ದೊರೆಯಿತು. ದ್ರಾಕ್ಷಿ ಬೆಳೆಯುವ ಈ ನೆಲದ ಯುವಕರಿಗೆ ಇಲ್ಲಿಯೇ ಕೈತುಂಬ ಕೆಲಸವಾದರೆ ಅರ್ಧ ಸಮಸ್ಯೆ ಹುಟ್ಟುವುದೇ ಇಲ್ಲ.

ಅದುವರೆಗೆ ನಾವೇನು ಮಾಡಬಹುದು? ಮೊದಲನೆಯದಾಗಿ, ವಸತಿ ಯಾರದು, ಒಂದು ಕೋಣೆಗೆ ಎಷ್ಟು ಜನ, ವಸತಿಯ ಬದಲು ಹಣ ಕೊಡುವುದಾದರೆ ಎಷ್ಟು ಎಂಬುದು ಬರಹದಲ್ಲಿರಬೇಕು. ಬಾಯಿಮಾತಿನ ಭರವಸೆಗೆ ಬಳೆ ಮಾರಬಾರದು. ಎರಡನೆಯದಾಗಿ, 1983ರ ವಲಸೆ ಕಾಯ್ದೆಯಡಿ ನೋಂದಾಯಿತ ಏಜೆಂಟನು ಪಡೆಯಬಹುದಾದ ಸೇವಾಶುಲ್ಕಕ್ಕೆ 30,000 ರೂಪಾಯಿ ಮತ್ತು ಜಿಎಸ್‌ಟಿಯ ಮಿತಿಯಿದೆ. ನೋಂದಣಿ ಇದೆಯೋ ಇಲ್ಲವೋ ಎಂಬುದನ್ನು ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ತಾಣದಲ್ಲಿ ಯಾರೂ ನೋಡಬಹುದು. ಲಕ್ಷಗಟ್ಟಲೆ ಕೇಳುವವನಿಂದ ದೂರವಿರುವುದೇ ಲೇಸು. ಮೂರನೆಯದಾಗಿ, ನಮ್ಮ ಮಸೀದಿಗಳ ಜಮಾಅತ್‌ಗಳು ತಿಂಗಳಿಗೊಂದು ದಿನ, ಕೊಲ್ಲಿಯಿಂದ ಮರಳಿದವರನ್ನು ಹೊರಡುವವರ ಮುಂದೆ ಕೂರಿಸಲಿ. ಬಾಡಿಗೆಯ ನಿಜವನ್ನು ಅವರಿಗಿಂತ ಚೆನ್ನಾಗಿ ಹೇಳುವವರು ಯಾರಿದ್ದಾರೆ? ರಜೆಗೆ ಬಂದಾಗ ಅತ್ತರು, ಖರ್ಜೂರಗಳ ಜೊತೆಗೆ ತಮ್ಮ ಕೋಣೆಯ ಸತ್ಯವನ್ನೂ ಅವರು ಹಂಚಲಿ. ಸಂಕೋಚದಿಂದ ಮುಚ್ಚಿಟ್ಟ ಕಷ್ಟವೇ ಮುಂದಿನ ಹುಡುಗನಿಗೆ ಗುಂಡಿಯಾಗುತ್ತದೆ.

ಪರದೇಶದ ದುಡಿಮೆ ತಪ್ಪಲ್ಲ. ಎಷ್ಟೋ ಮನೆಗಳ ಒಲೆ ಉರಿದದ್ದು ಅದರಿಂದಲೇ. ಆದರೆ ವಿಮಾನ ಹತ್ತುವ ಮುನ್ನ ಹಾಕುವ ಲೆಕ್ಕದ ಮೊದಲ ಸಾಲು ಬಾಡಿಗೆಯದಾಗಿರಲಿ. ಅದನ್ನು ಕಳೆದು ಉಳಿದದ್ದಷ್ಟೇ ಸಂಬಳ.